ಆರಿದ ಒಲೆಯ ಶಾಖ

ಬ್ರೆಡ್ಡಕ್ಕನ ಬೇಕರಿಯ ಒಲೆ ಮೂರು ತಲೆಮಾರಿನಿಂದ ಆರಿರಲಿಲ್ಲ. ಆನೆ ಒಳಗೆ ಮಲಗಿದರೂ ಬಾಲ ಮಡಚಬೇಕಿಲ್ಲ, ಅಂಥ ಒಲೆ. ಅದರ ಶಾಖಕ್ಕೆ ಎದುರುಮನೆಯವರ ಬಟ್ಟೆ ಹಿಂಡುವ ಮೊದಲೇ ಒಣಗುತ್ತಿತ್ತು. ಅಜ್ಜ ಹೊತ್ತಿಸಿದ ಬೆಂಕಿಯನ್ನು ಅಪ್ಪ ತೀರಿಕೊಂಡ ದಿನವೂ ಆರಗೊಡಲಿಲ್ಲ, ಬಾಂಬು ಬಿದ್ದ ದಿನವೂ ಆರಗೊಡಲಿಲ್ಲ. ಹಳೇ ಇಟ್ಟಿಗೆ, ಒಮ್ಮೆ ತಣ್ಣಗಾದರೆ ಬಿರುಕು ಬಿಟ್ಟು ಕೂರುತ್ತದೆ, ಮತ್ತೆ ಬ್ರೆಡ್ಡಿನ ಮಾತೇ ಇಲ್ಲ. ಇದು ಊರಿನ ಹಸುಗೂಸಿಗೂ ಗೊತ್ತು. "ಬ್ರೆಡ್ಡಕ್ಕನ ಒಲೆ ಆರಿದ ದಿನ ಕೊಡ್ತೀನಿ" ಅಂದರೆ ಸಾಲ ಕೇಳಲು ಬಂದವನು ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದ.

ಯುದ್ಧದ ಕೈಲಾಗದ್ದನ್ನು ಶಾಂತಿ ಮಾಡಲು ಹೊರಟಿತು. ಸೋತ ದೇಶ ತಾನೆ, ಗೆದ್ದವರು ಕಾಗದ ಚಾಚಿದಲ್ಲಿ ಸಹಿ ಬಿತ್ತು. ಮೊದಲು ಗಣಿಯ ಕಲ್ಲಿದ್ದಲು ಹೋಯಿತು. ಆಮೇಲೆ ಅದನ್ನು ಎಳೆಯುವ ಎಂಜಿನ್ನುಗಳು ಹೋದವು. ಆಮೇಲೆ ಸ್ಟೇಷನ್ನಿನ ಗಂಟೆಯೂ ಹೋಯಿತು. ಹೊಗೆಗೊಂದು ಹಿಡಿಕೆ ಇದ್ದಿದ್ದರೆ ಅದನ್ನೂ ಬಿಡುತ್ತಿರಲಿಲ್ಲ. ಇನ್ನು ನೋಟಿನ ಕಥೆ ಕೇಳಬೇಡಿ: ಬ್ರೆಡ್ಡಿನ ಸಾಲಿನ ಬಾಲದಲ್ಲಿ ನಿಂತಾಗ ಹಾಲುಗಲ್ಲದ ಕೂಸಾಗಿದ್ದ ಬೆಲೆ ಸಾಲಿನ ತಲೆಗೆ ಬರುವಷ್ಟರಲ್ಲಿ ಗಡ್ಡ ಮೀಸೆ ಬೆಳೆಸಿಕೊಂಡಿರುತ್ತಿತ್ತು. ಎಂಜಿನ್ ಓಡಿಸುತ್ತಿದ್ದ ಬ್ರೆಡ್ಡಕ್ಕನ ತಮ್ಮ, ಕೊನೆಯ ದಿನ ಎಂಜಿನ್ನಿನ ಸೀಟಿ ಕಿತ್ತುಕೊಂಡು ಮನೆಗೆ ಬಂದ. ಅಂದಿನಿಂದ ಹಿಟ್ಟಿನ ಮೂಟೆಯ ಮೇಲೆ ಕೂತು ಅದನ್ನು ಉಜ್ಜುವುದೇ ಅವನ ಉದ್ಯೋಗ.

ಆಗ ಬಂದ ತುತ್ತೂರಿ. ಮೊದಲು ಕೊಡೆ ರಿಪೇರಿ ಮಾಡುತ್ತಿದ್ದವನು, ಈಗ ಹುಡುಗರ ಗುಂಪು ಕಟ್ಟಿ ಭಾಷಣ ಬಿಗಿಯುವವನು. ಅವನು ಮುಟ್ಟಿದ ಕೊಡೆ ಹಿಡಿದವರು ಮಳೆ ನಿಂತ ಮೇಲೂ ನೆನೆಯುತ್ತಿದ್ದರು. ಆದರೆ ಗಂಟಲು! ಇಲ್ಲಿ ಕೆಮ್ಮಿದರೆ ಪಕ್ಕದೂರಲ್ಲಿ ಚಪ್ಪಾಳೆ. ಗೆದ್ದವರ ರೈಲಿನಿಂದ ಕದ್ದ ಕಲ್ಲಿದ್ದಲ ಮೂಟೆ ಇಳಿಸಿ, "ಅಕ್ಕಾ, ನಿಮ್ಮ ಒಲೆ ದೇಶದ ಮಾನ. ನಮ್ಮ ಹುಡುಗ್ರು ಸಂಜೆ ಇಲ್ಲಿ ಬೆಚ್ಚಗೆ ನಾಕು ಮಾತಾಡ್ಕೋತಾರೆ, ಅಷ್ಟೇ" ಅಂದ. ಬೇಡ ಅನ್ನಲು ಅವಳು ಬಾಯಿ ತೆರೆಯುವ ಮೊದಲೇ ಒಲೆ ಬಾಯಿ ತೆರೆದುಕೊಂಡು ಕೂತಿತ್ತು.

ನಾಕು ಮಾತು ನಾಲ್ಕು ಲಕ್ಷವಾಯಿತು. ಮೊದಮೊದಲು ಗೆದ್ದವರಿಗೆ ಬೈದರು; ಬ್ರೆಡ್ಡಕ್ಕನೂ ಹಿಟ್ಟು ನಾದುತ್ತ ತನ್ನ ಪಾಲಿನದು ಸೇರಿಸಿದಳು. ಆದರೆ ಗೆದ್ದವರು ದೂರದವರು, ಕೈಗೆ ಸಿಗುವವರಲ್ಲ. ಹಾಗಾಗಿ ಬೈಗುಳ ಗಡಿಯಿಂದ ಹೊರಟು, ಊರು ಹೊಕ್ಕು, ಬೀದಿ ತಿರುಗಿ, ಪಕ್ಕದ ಗಡಿಯಾರದಂಗಡಿಯ ಬಾಗಿಲಿಗೆ ಬಂದು ನಿಂತಿತು. ಗಡಿಯಾರದಣ್ಣನ ತಾಯಿ ಗೆದ್ದ ದೇಶದಿಂದ ಮದುವೆಯಾಗಿ ಬಂದವಳು. ಸತ್ತು ಎಷ್ಟೋ ಕಾಲವಾಗಿತ್ತು. ಆದರೇನು, ಕಾರಣ ಬೇಕಿತ್ತು, ಸಿಕ್ಕಿತು.

"ನಾಳೆ ಸಂಜೆ ಅವನನ್ನ ವಿಚಾರಿಸ್ಕೋತೀವಿ," ಅಂದ ತಮ್ಮ, ಸೀಟಿ ಉಜ್ಜುತ್ತ.

"ಯಾರನ್ನೋ?"

"ಗಡಿಯಾರದವನನ್ನ. ನಮ್ಮ ಎಂಜಿನ್ ಹೋಗಿದ್ದು ಯಾರಿಂದ?"

"ಅವನೇನು ಜೇಬಲ್ಲಿ ಹಾಕ್ಕೊಂಡು ಹೋದ್ನೇನೋ? ನಿನ್ನ ಕೈಯಲ್ಲಿರೋ ವಾಚು ಅವನು ಕೊಟ್ಟಿದ್ದು ಕಣೋ!"

"ಅದೂ ನಿಧಾನ ಓಡುತ್ತೆ. ಬೇಕಂತಲೇ ಮಾಡಿದಾನೆ."

"ಕೀ ಕೊಡೋ, ಮೂದೇವಿ!" ಬ್ರೆಡ್ಡಕ್ಕ ಹಣೆ ಚಚ್ಚಿಕೊಂಡಳು. ಹಿಟ್ಟಿನ ಕೈ, ಹಣೆಯೆಲ್ಲ ಬೆಳ್ಳಗಾಯಿತು. ತಮ್ಮ ಆಗಲೇ ಸಭೆಯ ತಯಾರಿಗೆಂದು ಹೊರಟುಹೋಗಿದ್ದ.

ಅವಳು ಪಕ್ಕದಂಗಡಿಗೆ ಓಡಿದಳು. "ಅಣ್ಣಾ, ಈಗಲೇ ಎಲ್ಲಾದ್ರೂ ಹೋಗ್ಬಿಡಿ."

"ಎಲ್ಲಿಗಮ್ಮಾ ತಂಗಿ? ಬೀದಿಯ ಎರಡೂ ತುದೀಲಿ ಅವರದೇ ಕಾವಲು. ಅಲ್ದೆ ನಾಳೆ ತುತ್ತೂರಿ ಅವರ ಗಡಿಯಾರ ಕೊಡ್ಬೇಕು. ಮಾತು ಕೊಟ್ಟಿದೀನಿ."

ಒಬ್ಬನಿಗೆ ಬುದ್ಧಿಯಿಲ್ಲ, ಇನ್ನೊಬ್ಬನಿಗೆ ಭಯವಿಲ್ಲ, ಇಬ್ಬರ ನಡುವೆ ತನ್ನದೊಂದು ಗೋಡೆ! ವಾಪಸು ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. ಅಟ್ಟ ಹುಡುಕುತ್ತಾರೆ. ಹಿಟ್ಟಿನ ಕೋಣೆ ಹುಡುಕುತ್ತಾರೆ. ಇಡೀ ದೇಶದಲ್ಲಿ ಅವರು ಹುಡುಕದ ಜಾಗ ಒಂದೇ.

ಅಜ್ಜನ ಬೆಂಕಿಯನ್ನು ಕಬ್ಬಿಣದ ಗೋರೆಯಿಂದ ಎಳೆದೆಳೆದು ಹಿತ್ತಲಿಗೆ ಸುರಿದಳು. ಒಂದೊಂದು ಗೋರೆಗೂ ಒಂದು ಬೈಗುಳ: ತಮ್ಮನಿಗೊಂದು, ತುತ್ತೂರಿಗೊಂದು, ಸಹಿ ಹಾಕಿಸಿಕೊಂಡವರಿಗೊಂದು, ಹಾಕಿದವರಿಗೊಂದು, ಮೂಟೆ ಇಳಿಸಿಕೊಂಡ ತನಗೆ ಎರಡು. ಆಮೇಲೆ ಒಲೆಯ ಬಾಗಿಲು, ಹಿತ್ತಲ ಬಾಗಿಲು ಎರಡನ್ನೂ ಚಳಿಗಾಳಿಗೆ ಹಾರುಹೊಡೆದಿಟ್ಟಳು. ತಮ್ಮ ಆ ರಾತ್ರಿ ಮನೆಗೇ ಬರಲಿಲ್ಲ. ಮರುದಿನ "ಮೈ ಸರಿಯಿಲ್ಲ" ಎಂದು ಅಂಗಡಿ ತೆರೆಯಲಿಲ್ಲ.

ಸಂಜೆ ಪಕ್ಕದ ಗಾಜು ಒಡೆದ ಸದ್ದಾಯಿತು. ಗಡಿಯಾರದಣ್ಣ ಹಿತ್ತಲ ಗೋಡೆ ಹಾರಿ ಬಂದ, ಕಂಕುಳಲ್ಲಿ ತುತ್ತೂರಿಯ ಗಡಿಯಾರ!

"ಅದನ್ಯಾಕೆ ತಂದ್ರಿ?"

"ಒಡೆದುಹಾಕ್ತಾರಲ್ಲಮ್ಮಾ!"

"ಅಯ್ಯೋ ನನ್ನ ಕರ್ಮವೇ! ಟಿಕ್ ಟಿಕ್ ನಿಲ್ಸಿ, ನುಗ್ಗಿ ಒಳಗೆ!" ಅವನನ್ನು ಒಲೆಯೊಳಕ್ಕೆ ದಬ್ಬಿ ಕಬ್ಬಿಣದ ಬಾಗಿಲು ಹಾಕಿದಳು. ಚಿಮಣಿ ಬುಡದ ಗೂಡಿನಲ್ಲಿ ಒದ್ದೆ ಗೋಣಿಗೆ ಕಿಡಿ ಹಚ್ಚಿ ಹೊಗೆ ಎಬ್ಬಿಸಿದಳು.

ನುಗ್ಗಿದರು ನೋಡಿ, ಇರುವೆ ಗೂಡಿಗೆ ಬೆಲ್ಲ ಬಿದ್ದ ಹಾಗೆ. ಅಟ್ಟ ಆಯಿತು, ಹಿಟ್ಟಿನ ಕೋಣೆ ಆಯಿತು. "ಒಲೆ?" ಅಂದನೊಬ್ಬ.

"ತೆಗೀರಿ, ತೆಗೀರಿ," ಅಂದಳು ಬ್ರೆಡ್ಡಕ್ಕ. "ಅಂಗೈ ಹಿಡಿಕೆಗೇ ಅಂಟ್ಕೊಂಡ್ರೆ ನನ್ನ ಕೇಳ್ಬೇಡಿ."

ತುತ್ತೂರಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ತಣ್ಣನೆಯ ಬಾಗಿಲಿಗೆ ಎರಡೂ ಅಂಗೈ ಚಾಚಿ, "ಆಹಾ! ಏನು ಶಾಖ ನೋಡ್ರೋ! ಇದು ನಮ್ಮ ದೇಶದ ಬೆಂಕಿ!" ಅಂದ. ಅಂದ ಬಾಯಿಂದಲೇ ಚಳಿಗೆ ಹಬೆ ಏಳುತ್ತಿತ್ತು. ಬಂದವರೆಲ್ಲ ಕೈ ಚಾಚಿದರು. ಒಬ್ಬ ಕೋಟಿನ ಗುಂಡಿ ಬಿಚ್ಚಿದ. "ತಡೆಯೋಕೆ ಆಗ್ತಿಲ್ಲಪ್ಪ," ಅಂದ ತಮ್ಮ. ಅವನ ಹಣೆಯಲ್ಲಿ ನಿಜವಾಗಿಯೂ ಬೆವರು! ಅದೇ ಒಲೆಯ ಬೆನ್ನಿಗೆ ಒರಗಿ ಬೆಳೆದವನು. ಬ್ರೆಡ್ಡಕ್ಕನಿಗೆ ಅವನ ಕಪಾಳಕ್ಕೆ ಬಿಗಿಯಬೇಕು ಅನಿಸಿತು, ಅಪ್ಪಿಕೊಂಡು ಅಳಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡುವ ಹಾಗಿರಲಿಲ್ಲ.

ಠಪ್!

ಎಲ್ಲರೂ ಬೆಚ್ಚಿದರು. "ಏನಕ್ಕಾ ಅದು?"

ಅಜ್ಜನ ಇಟ್ಟಿಗೆ ಅಡ್ಡಡ್ಡಲಾಗಿ ಸೀಳಿತ್ತು.

"ಬ್ರೆಡ್ ಉಬ್ತಾ ಇದೆ," ಅಂದಳು.

"ಅಳ್ತಿದೀಯ?" ಅಂದ ತಮ್ಮ.

"ಹೊಗೆ ಕಣೋ. ನಡಿ ಆಚೆ."

ಘೋಷಣೆ ಕೂಗುತ್ತ ಹೊರಟರು. ತಪ್ಪಿಸಿಕೊಂಡವನನ್ನು ಹಿಡಿಯಲು ಕಾವಲಿನವರನ್ನೂ ಸ್ಟೇಷನ್ನಿನ ಕಡೆಗೆ ಕರೆದುಕೊಂಡು ಹೋದರು. ಬೀದಿ ಖಾಲಿಯಾದ ಮೇಲೆ ಅವಳು ಒಲೆಯ ಬಾಗಿಲು ತೆಗೆದಳು. ಮಸಿಯ ಮುದ್ದೆಯಾಗಿ ಗಡಿಯಾರದಣ್ಣ ತೆವಳಿಕೊಂಡು ಬಂದ, ಹಲ್ಲು ಕಟಕಟ.

"ಒಳಗೆ ಏನು ಚಳಿ ತಂಗೀ! ಒಂಚೂರು ಕೆಂಡನಾದ್ರೂ ಇಡಬಾರದಿತ್ತಾ?"

ಗೋರೆ ಕೈಯಲ್ಲೇ ಇತ್ತು. ಎತ್ತಿದವಳು ಇಳಿಸಿದಳು. ಹಿಟ್ಟಿನ ಗೋಣಿಯೊಂದನ್ನು ಕೊಡವಿ ಅವನ ಹೆಗಲಿಗೆ ಹೊದಿಸಿ, ಹಿತ್ತಲ ಬಾಗಿಲಿನ ಕಡೆ ತಿರುಗಿಸಿ ಬೆನ್ನಿಗೆ ಕೈಕೊಟ್ಟಳು.

"ಹೊರಗೆ ಚಳಿ ಇನ್ನೂ ಜಾಸ್ತಿ ಇದೆ. ನಡೀರಿ."