ಹೊಡೆದು ಹಾಕಿದ ಸಾಲು

ಮಗ ತಿಲಕನ ನೀಲಿ ಪ್ಯಾಂಟಿನ ಮೊಣಕಾಲು ಹರಿದಿತ್ತು. ನಾನು ರಫೂ ಹಾಕುತ್ತಾ ಕುಳಿತಿದ್ದಾಗ ನೀಲಿ ದಾರ ಮುಗಿಯಿತು. ಅವನ ಮಗಳು ವಿಜೇತಾ ಬಿಳಿ ದಾರದ ಉಂಡೆ ಮುಂದಿಟ್ಟಳು. ಬಾಂದ್ರಾದ ಯಾವುದೋ ಕ್ಲಾಸಿನಲ್ಲಿ ಅವಳು ಜಪಾನಿನ ಹೊಲಿಗೆ ಕಲಿಯುತ್ತಿದ್ದಾಳೆ.

“ಬಿಳಿಯಾ? ನಿನ್ನಪ್ಪ ಆಫೀಸಿಗೆ ಹೋಗುದಾ, ನಾಟಕಕ್ಕಾ?”

“ಅಜ್ಜಿ, ಉಧರ್ ಐಸಾ ಹೀ ಹೈ, ಜಪಾನಲ್ಲಿ ಹಾಗೇ. ಹರಿದದ್ದು ಮುಚ್ಚಿಡುದಿಲ್ಲ. ಹೊಲಿಗೆ ಕಾಣ್ಲಿ, ಬಟ್ಟೆ ಹಿಡಿದ್ರೆ ಸಾಕು ಅಂತ ಟೀಚರ್ ಹೇಳ್ತಾರೆ.”

“ಕಾಣದ ಹಾಗೆ ಹೊಲಿದೇ ಅನ್ನ ತಿಂದವಳು ಮಾರಾಯ್ತಿ ನಾನು.”

ಅಷ್ಟರಲ್ಲಿ ಫೋನು ಬಂತು. ಉಡುಪಿಯಿಂದ ಸೇವಂತಿ, ನನ್ನಕ್ಕ ದೇವಕ್ಕನ ಸೊಸೆ.

“ಚಿಕ್ಕಮ್ಮ, ಅತ್ತೆಯ ಎದೆಯ ಆಪರೇಶನ್ ನಾಳೆ ಮಧ್ಯಾಹ್ನವೇ ಅಂತೆ. ಡಾಕ್ಟ್ರು ಏನೂ ಧೈರ್ಯ ಹೇಳುದಿಲ್ಲ. ಅತ್ತೆ ಒಂದೇ ಕೇಳುದು, ತಂಗಿಯ ಕಾಗದ ಬಂತಾ ಅಂತ.”

ಅಕ್ಕನಿಗೆ ಕಿವಿ ಹೋಗಿ ವರ್ಷಗಳಾದವು. ಫೋನಿನಲ್ಲಿ ಮಾತಿಲ್ಲ, ಮೊಬೈಲಿನಲ್ಲಿ ಓದಲು ಅವಳಿಗೆ ಬರುವುದಿಲ್ಲ. ನಿನ್ನ ಕೈಯಾರೆ ಬರೆ, ದಿಂಬಿನಡಿ ಇಟ್ಟುಕೊಳ್ಳುತ್ತೇನೆ ಎಂದು ಮಳೆಗಾಲಕ್ಕೆ ಮೊದಲೇ ಹೇಳಿ ಕಳಿಸಿದ್ದಳು. ಬರೆದೆ, ಬರೆದದ್ದನ್ನೆಲ್ಲ ಹರಿದೆ. ಅವಳ ಅಕ್ಷರ ಅಚ್ಚು ಹಾಕಿದಂತೆ. ನಾನೋ ತಲೆ ನರೆತ ಮೇಲೆ ಮಾಟುಂಗದ ರಾತ್ರಿಶಾಲೆಯಲ್ಲಿ ಕಲಿತವಳು. ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು, ಸಾಲನ್ನು ಬಿಚ್ಚಲು ಬಾರದು. ಹಾಗಾಗಿ ಇಡೀ ಹಾಳೆಯೇ ಬುಟ್ಟಿಗೆ.

“ಕೆಳಗಿನ ಹೋಟೆಲಿನ ಅಣ್ಣು ಮಾಮ ಈಗ ಊರಿಗೆ ಹೊರಟಿದ್ದಾರೆ. ಬೆಳಿಗ್ಗೆ ಉಡುಪಿಯಲ್ಲಿ ಇರ್ತಾರೆ. ಜಲ್ದಿ ಬರೀರಿ!” ವಿಜೇತಾ ಹಾಳೆ ತಂದಳು.

ಬರೆಯಲು ಕುಳಿತೆ. ಎರಡನೇ ಸಾಲೇ ಓರೆಯಾಗಿ ಕೆಳಗಿಳಿಯಿತು. ಶಾಯಿ ಹರಡಿತು. ಉಜ್ಜಿದೆ, ಕಾಗದ ತೂತಾಯಿತು. ಅಕ್ಕ ಬಾಗಿಲ ಕಡೆ ನೋಡುತ್ತಲೇ ಆಪರೇಶನ್ ಕೋಣೆಯೊಳಗೆ ಹೋಗುವುದು ಕಣ್ಣೆದುರು ಬಂತು. ಆದರೂ ಕೈ ಹಾಳೆಯನ್ನು ಮುದುಡಲು ಹೋಯಿತು.

ವಿಜೇತಾ ಮಣಿಕಟ್ಟು ಹಿಡಿದಳು. “ದೊಡ್ಡಜ್ಜಿಗೆ ನಿಮ್ಮ ಕಾಗದ ಬೇಕು ಅಜ್ಜಿ. ಎಕ್ಸಾಮ್ ಪೇಪರ್ ಥೋಡೀ ನಾ, ಮಾರ್ಕ್ಸ್ ಹಾಕ್ಲಿಕ್ಕೆ?”

ತೂತಿನ ಪಕ್ಕದಿಂದಲೇ ಮುಂದುವರಿಸಿದೆ. ‘ಹೆದರಬೇಡ ಅಕ್ಕ’ ಎಂದು ಬರೆದೆ. ಸುಳ್ಳೆನಿಸಿತು. ಅದರ ಮೇಲೆ ಗೆರೆ ಎಳೆದು, ‘ನನಗೂ ಹೆದರಿಕೆಯಾಗುತ್ತಿದೆ, ನೀನು ಎದ್ದು ಬಾ’ ಎಂದು ಕೆಳಗೆ ಬರೆದೆ. ಹೊಡೆದು ಹಾಕಿದ್ದೂ ಚೆನ್ನಾಗಿಯೇ ಕಾಣುತ್ತಿತ್ತು. ಕಾಣಲಿ.

ಮೆಟ್ಟಿಲಿಳಿದು ಬರುವಾಗ ಅಣ್ಣು ರಿಕ್ಷಾದಲ್ಲಿ ಕುಳಿತಾಗಿತ್ತು. ಕಾಗದದ ಕವರನ್ನು ಅವನ ಕೈಗಿಟ್ಟೆ.

“ಎಂಥದಮ್ಮ ಇದು, ಕವರಿಗೆ ಅಂಟೂ ಹಾಕ್ಲಿಲ್ವಾ!”

“ಓದಿ ನಗಬೇಡ ಮಾರಾಯ. ರೈಲಿಳಿದವನೇ ಆಸ್ಪತ್ರೆಗೆ ಹೋಗು, ಮನೆಗಲ್ಲ.”

ಅವನು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ವಾಪಸು ಕೇಳೋಣವೆಂದು ನನ್ನ ಕೈ ಮುಂದೆ ಚಾಚಿತು. ರಿಕ್ಷಾ ಭಾಂಡುಪ್ ಸ್ಟೇಷನ್ ಕಡೆ ತಿರುಗಿಬಿಟ್ಟಿತು.