ಟೈರ್ ಅಂಗಡಿ ಹಿಂದಿನ ಮೀನು

ನನ್ನ ಗಂಡ ಆರ್ಲೋ ಸುಳ್ಳುಗಾರನಲ್ಲ. ತೆರಿಗೆಯವರ ಮುಂದೆ ನಿಜ ಹೇಳುತ್ತಾನೆ, ಪಾದ್ರಿಯ ಮುಂದೆ ನಿಜ ಹೇಳುತ್ತಾನೆ, ಹೊಸ ಉಡುಪು ಹಾಕಿಕೊಂಡು ಬಂದು ಹೇಗಿದೆ ಎಂದು ನಾನು ಕೇಳಿದರೆ ಹೇಳಬಾರದ ನಿಜವನ್ನೂ ಹೇಳುತ್ತಾನೆ. ಆದರೆ ಮೀನು ಎಲ್ಲಿ ಸಿಕ್ಕಿತು ಅಂತ ಕೇಳಿ ನೋಡಿ! ಅವನು ಹೇಳಿದ ತೊರೆಯ ಹೆಸರು ನಂಬಿಕೊಂಡು ಹೊರಟವರು ಸಂಜೆಗೆ ಬರಿಗೈಯಲ್ಲಿ, ಮೈತುಂಬ ಸೊಳ್ಳೆ ಕಚ್ಚಿಸಿಕೊಂಡು ವಾಪಸ್ಸು ಬರುತ್ತಾರೆ.

ಅವನೊಬ್ಬನೇ ಹಾಗಲ್ಲ ಬಿಡಿ. ಐಡಹೋ ರಾಜ್ಯದ ನಮ್ಮ ಬೋಯ್ಸಿ ಪಟ್ಟಣದಲ್ಲಿ ಟ್ರೌಟ್ ಮೀನು ಹಿಡಿಯುವ ಗಂಡಸರೆಲ್ಲ ಒಂದೇ ಜಾತಿ. ಕೋಳಿಪುಕ್ಕ, ಮೊಲದ ತುಪ್ಪಳ ಸುತ್ತಿ ಕೊಕ್ಕೆಗೆ ಹುಸಿನೊಣ ಕಟ್ಟುತ್ತಾರೆ, ಅದನ್ನು ನೀರ ಮೇಲೆ ತೇಲಿಬಿಡುತ್ತಾರೆ, ಮೋಸಹೋದ ಮೀನನ್ನು ಎತ್ತಿ ಮುದ್ದುಮಾಡಿ ಮತ್ತೆ ನೀರಿಗೇ ಬಿಡುತ್ತಾರೆ. ನನ್ನಜ್ಜ ಸಮುದ್ರದಾಚೆಯ ಬಾಸ್ಕ್ ನಾಡಿನಿಂದ ಇಲ್ಲಿಗೆ ಕುರಿ ಕಾಯಲು ಬಂದವನು. ಹಿಡಿದದ್ದನ್ನು ಬಿಟ್ಟುಬಿಡುವ ಈ ಕಸುಬನ್ನು ನೋಡಿದ್ದರೆ ನಕ್ಕು ನಕ್ಕು ಅಲ್ಲೇ ಪ್ರಾಣ ಬಿಡುತ್ತಿದ್ದ. ಆ ಹುಸಿನೊಣಕ್ಕೆ ನನ್ನ ಒಳ್ಳೆಯ ಟೋಪಿಯ ನವಿಲುಗರಿ ಹೋಯಿತು, ಬೆಕ್ಕಿನ ಬಾಲದ ತುದಿ ಬೋಳಾಯಿತು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಕಟ್ಟಿಕೊಂಡ ಹೆಂಡತಿಗೂ ತೊರೆಯ ಹೆಸರು ಸುಳ್ಳು ಹೇಳುವುದಿದೆಯಲ್ಲ, ಅದನ್ನು ಮಾತ್ರ ನುಂಗಿಕೊಳ್ಳಲಾಗಲಿಲ್ಲ.

ಮಾರ್ಚಿನಲ್ಲಿ ಅವನ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಎದೆ ಬಿಚ್ಚಿ, ರಿಪೇರಿ ಮಾಡಿ, ಹೊಲಿದು ಕಳಿಸಿದರು. ಅವನು ಮಂಚದ ಮೇಲಿರುವಾಗಲೇ ನಾನು ಮಾತು ತೆಗೆದುಕೊಂಡೆ.

"ಊರಿಗೆಲ್ಲ ಎಷ್ಟು ಬೇಕಾದ್ರೂ ಸುಳ್ಳು ಹೇಳು. ನನಗೊಬ್ಳಿಗೆ ಮಾತ್ರ ಎಲ್ಲಿಗೆ ಹೋಗ್ತೀಯ ಅಂತ ನಿಜ ಹೇಳಿ ಹೋಗು. ಎಲ್ಲೋ ಬಿದ್ರೆ ಹೆಣ ಆದ್ರೂ ಸಿಗಬೇಕಲ್ಲ ನನಗೆ?"

"ಆಯ್ತು ಮಾರಾಯ್ತಿ," ಅಂದ. ಮೂಗಿನಲ್ಲಿ ನಳಿಕೆ ಇರುವಾಗ ಯಾವ ಗಂಡಸು ಆಗಲ್ಲ ಅನ್ನುತ್ತಾನೆ?

ಜೂನಿನಲ್ಲಿ ಡಾಕ್ಟರು ಹೊರಗೆ ಹೋಗಲು ಬಿಟ್ಟರು. ಮೊದಲನೇ ಶನಿವಾರ ಬೆಳಕು ಹರಿಯುವ ಹೊತ್ತಿಗೇ ಎದ್ದು, ನೀರಿಗಿಳಿಯಲು ಹಾಕುವ, ಎದೆಯವರೆಗೆ ಬರುವ ಆ ರಬ್ಬರ್ ಚಡ್ಡಿ ಏರಿಸಿಕೊಂಡು, ಮದುವೆಗೆ ಹೊರಟ ಗಂಡಿನ ಹಾಗೆ ಅಡಿಗೆಮನೆಯಲ್ಲಿ ನಿಂತ. ಫೋನು ಎಂದಿನಂತೆ ಮೇಜಿನ ಮೇಲೇ ಬಿಟ್ಟ, ಅದರ ಸದ್ದಿಗೆ ಮೀನು ಬೆದರುತ್ತದಂತೆ.

"ಎಲ್ಲಿಗೆ?" ಅಂದೆ.

"ಸೋಪ್ ಕ್ರೀಕಿಗೆ. ಟೈರ್ ಅಂಗಡಿ ಹಿಂದೆ."

ಉರಿದುಹೋಯಿತು ನನಗೆ. ಸೋಪ್ ಕ್ರೀಕ್ ಅಂದರೆ ನಮ್ಮ ಮನೆಯಿಂದ ನಾಲ್ಕು ಸಿಗ್ನಲ್ ಆಚೆ ಇರುವ ಹಳ್ಳ. ಹಿಂದೆ ಒಂದು ಲಾಂಡ್ರಿಯವರು ನೊರೆನೀರು ಬಿಟ್ಟೂ ಬಿಟ್ಟೂ ಅದಕ್ಕೆ ಆ ಹೆಸರು ಬಂತು. ಲಾಂಡ್ರಿ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಹೋಗಲಿಲ್ಲ. ಅಲ್ಲಿ ತೇಲುವುದು ಪ್ಲಾಸ್ಟಿಕ್ ಲೋಟ, ಅಂಗಡಿಯ ತಳ್ಳುಗಾಡಿ. ಮೀನಂತೆ ಮೀನು!

"ಮೊದಲನೇ ದಿನವೇ ಶುರು ಹಚ್ಕೊಂಡ್ಯಾ? ನನ್ನ ಮುಖ ನೋಡಿದ್ರೆ ಪೆದ್ದಿ ಥರ ಕಾಣುತ್ತಾ ನಿನಗೆ?" ಅಂತ ನಕ್ಕೆ. ಆ ನಗುವಿನಲ್ಲಿ ಖುಷಿ ಇರಲಿಲ್ಲ.

"ನಿಜ ಕಣೇ," ಅಂದ.

"ಹೋಗು ಹೋಗು. ಹುಟ್ಟುಗುಣ ಸುಟ್ಟರೂ ಹೋಗಲ್ಲ. ಊಟಕ್ಕೆ ಬಾ, ಮಧ್ಯಾಹ್ನದ ಮಾತ್ರೆ ತಪ್ಪಿಸಿದ್ಯೋ ನಾನೇ ನಿನ್ನ ಎದೆ ಬಿಚ್ತೀನಿ."

ಅವನು ಮೀನುಬೆತ್ತ ಎತ್ತಿಕೊಂಡು ಹೋದ.

ಮಧ್ಯಾಹ್ನವಾಯಿತು, ಆರ್ಲೋ ಇಲ್ಲ. ಕುರಿಸಾರು ಆರಿತು, ಬಿಸಿ ಮಾಡಿದೆ, ಮತ್ತೆ ಆರಿತು. ಮಾತ್ರೆ ತಟ್ಟೆಯ ಪಕ್ಕದಲ್ಲೇ ಕೂತಿತ್ತು. ಇವತ್ತಿನವರೆಗೆ ಮೀನಿನ ಆಸೆಗೆ ಅವನು ಏನು ಬೇಕಾದರೂ ಮರೆತಿದ್ದಾನೆ, ಕುರಿಸಾರು ಮಾತ್ರ ಮರೆತಿಲ್ಲ. ಅವನ ಗೆಳೆಯ ಲಮಾರನಿಗೆ ಫೋನು ಮಾಡಿದೆ. ಅವನು ಡೆಲ್ಬರ್ಟನನ್ನೂ ರೂಲನನನ್ನೂ ಹೊರಡಿಸಿಕೊಂಡು ಬಂದ.

ಲಮಾರ್ ನಿವೃತ್ತ ಹಲ್ಲಿನ ಡಾಕ್ಟರು. ಡೆಲ್ಬರ್ಟ್ ಮೀನುಬೆತ್ತ ಮಾರುವ ಅಂಗಡಿಯವನು. ರೂಲನ್ ಶಾಲೆಯ ಬಸ್ಸು ಓಡಿಸುವವನು, ತೂಕದಲ್ಲೂ ಬಸ್ಸಿಗೆ ಹತ್ತಿರ. ಮೂವರೂ ನನ್ನ ಊಟದ ಮೇಜಿನ ಮೇಲೆ ನಕ್ಷೆ ಹರಡಿದರು.

"ಎಲ್ಲಿಗೆ ಹೋಗ್ತೀನಿ ಅಂದ?" ಲಮಾರ್ ಕೇಳಿದ.

"ಸೋಪ್ ಕ್ರೀಕಿಗೆ."

ಗಂಡ ಕಾಣೆಯಾದ ಹೆಂಗಸಿನ ಮುಂದೆ ಮೂವರೂ ಬಿದ್ದು ಬಿದ್ದು ನಕ್ಕರು.

"ಹಾಗಾದ್ರೆ ಅದೊಂದನ್ನ ಬಿಡಿ," ಡೆಲ್ಬರ್ಟ್ ಕಣ್ಣೊರೆಸಿಕೊಳ್ಳುತ್ತ ಅಂದ. "ನಮ್ಮವನು ಒಂದು ಜಾಗದ ಹೆಸರು ಹೇಳ್ದ ಅಂದ್ರೆ, ಪ್ರಪಂಚದಲ್ಲಿ ಅವನು ಇಲ್ಲದೇ ಇರೋ ಜಾಗ ಅದೊಂದೇ."

"ಶೆರೀಫನಿಗೆ, ಪೊಲೀಸರಿಗೆ ಹೇಳೋಣ," ಅಂದೆ.

"ಏನಂತ ಹೇಳ್ತೀಯ ತಾಯಿ? ಆರ್ಲೋ ಐಡಹೋದಲ್ಲೆಲ್ಲೋ ಇದಾನೆ ಅಂತಲಾ?" ಅಂದ ರೂಲನ್.

"ಹಾಗಾದ್ರೆ ನೀವೇ ಹೇಳಿ. ದೊಡ್ಡ ಮೀನು ಇರೋ ಒಳ್ಳೇ ಜಾಗ ಯಾವುದು? ಅವನು ಅಲ್ಲೇ ಇರಬೇಕು."

ಲಮಾರ್ ಕನ್ನಡಕ ಒರೆಸಿದ. ಡೆಲ್ಬರ್ಟ್ ಸೂರು ನೋಡಿದ. ರೂಲನ್ ಬ್ರೆಡ್ಡಿನ ಚೂರು ಬಾಯಿಗೆ ತುರುಕಿಕೊಂಡ. ನನಗೆ ಅರ್ಥವಾಗಿಹೋಯಿತು: ಮೂವರಿಗೂ ಒಂದೊಂದು ಗುಟ್ಟಿನ ಜಾಗ ಗೊತ್ತು, ಆರ್ಲೋ ಸತ್ತರೂ ಸರಿ, ಇನ್ನೊಬ್ಬನ ಎದುರಿಗೆ ಬಾಯಿ ಬಿಡುವ ಪೈಕಿಯಲ್ಲ.

ಸೌಟು ತೆಗೆದು ಮೇಜಿಗೆ ಬಡಿದೆ. "ಅಲ್ಲಯ್ಯಾ, ಎದೆ ಹೊಲಿಸಿಕೊಂಡ ಮುದುಕ ಎಲ್ಲೋ ನೀರಲ್ಲಿ ಬಿದ್ದಿದಾನೆ, ನಿಮಗೆ ಮೀನಿನ ಚಿಂತೆನಾ? ಮನುಷ್ಯರೇನ್ರೋ ನೀವು!"

"ಕೋಪ ಮಾಡ್ಕೋಬೇಡ ಮಿರೆನ್," ಲಮಾರ್ ಗಂಟಲು ಸರಿಮಾಡಿಕೊಂಡ. "ಇವರಿಬ್ರನ್ನ ಅಂಗಳಕ್ಕೆ ಕಳಿಸು. ನಿನ್ನ ಕಿವೀಲಿ ಹೇಳ್ತೀನಿ."

ಸರಿ, ಹಾಗೇ ಆಯಿತು. ನಾನು ಪಾಪನಿವೇದನೆ ಕೇಳುವ ಪಾದ್ರಿಯ ಹಾಗೆ ಕುರ್ಚಿ ಹಾಕಿಕೊಂಡು ಕೂತೆ, ಒಬ್ಬೊಬ್ಬರೇ ಬಂದು ಕಿವಿಯಲ್ಲಿ ಪಿಸುಗುಟ್ಟಿದರು. ಲಮಾರ್ ಹೇಳಿದ: ಬೆಟ್ಟದ ಮೇಲೆ, ಹಳೇ ಗರಗಸದ ಮಿಲ್ಲಿನ ಆಚೆ, ಸಿಡಿಲು ಬಡಿದ ಪೈನ್ ಮರದ ಕೆಳಗಿನ ತಿರುವು. ಡೆಲ್ಬರ್ಟ್ ಹೇಳಿದ: ಹಳೇ ಮಿಲ್ಲಿನ ಆಚೆ, ಸಿಡಿಲು ಬಡಿದ ಮರದ ಕೆಳಗೆ. ರೂಲನ್ ಹೇಳುವ ಮೊದಲು ನನ್ನ ಕೈಯಲ್ಲಿ ಬೈಬಲ್ ಮುಟ್ಟಿಸಿ ಆಣೆ ಮಾಡಿಸಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ: ಸಿಡಿಲು ಬಡಿದ ಮರದ ಕೆಳಗೆ.

ಆಣೆ ಆಣೆಯೇ. ನಾನು ತುಟಿ ಬಿಚ್ಚಲಿಲ್ಲ. ಮೂವರೂ ಮೂರು ಗಾಡಿ ಹತ್ತಿ, ಒಬ್ಬರಿಗೊಬ್ಬರು ಕಾಣದಂತೆ ಮೂರು ದಾರಿ ಹಿಡಿದು, ಒಂದೇ ಮರದ ಕಡೆಗೆ ಹೊರಟರು.

ಒಬ್ಬಳೇ ಕೂತೆ. ಆ ಹೊತ್ತಿನಲ್ಲಿ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬದುಕಿ ಬಂದರೆ ಸಾಕು, ನಾನೇ ಕೊಲ್ಲುತ್ತೇನೆ ಅಂದುಕೊಂಡೆ. ಸಾಯುವುದಿದ್ದರೆ ಸಾಯಲಿ, ಸುಳ್ಳು ಹೇಳಿ ಯಾಕೆ ಸಾಯಬೇಕು? ಕೊನೇ ಮಾತೂ ಸುಳ್ಳಾದರೆ ಉಳಿದ ಮಾತುಗಳನ್ನು ನಾನು ಹೇಗೆ ನಂಬಲಿ? ನನ್ನನ್ನು ಕಂಡರೆ ಇಷ್ಟ ಅಂದದ್ದು, ನನ್ನ ಸಾರು ಅವರಮ್ಮನ ಸಾರಿಗಿಂತ ರುಚಿ ಅಂದದ್ದು, ಎಲ್ಲವೂ ಇದೇ ಥರದ್ದೇ?

ಕೂರಲಾಗದೆ ಪೊರಕೆ ತೆಗೆದುಕೊಂಡು ಹಿಂಬಾಗಿಲ ಜಗಲಿ ಗುಡಿಸತೊಡಗಿದೆ. ಅವನು ಬೆಳಿಗ್ಗೆ ಬೂಟು ಎತ್ತಿಕೊಂಡ ಜಾಗದಲ್ಲಿ ಎಂದಿನ ಹಾಗೆ ಕರೀ ಪುಡಿ ಉದುರಿತ್ತು. ಎಷ್ಟು ವರ್ಷದಿಂದ ಗುಡಿಸುತ್ತಿದ್ದೇನೆ ಅದನ್ನು! ಬೆಟ್ಟದ ಮಣ್ಣು ಅಂತಿದ್ದ. ಬೆರಳಲ್ಲಿ ತಿಕ್ಕಿದೆ. ಮಣ್ಣು ಹೀಗೆ ಜಿಗುಟುತ್ತದೆಯೇ? ಮೂಸಿದೆ. ರಬ್ಬರು.

ಆಗ ಇನ್ನೊಂದು ನೆನಪಾಯಿತು. ಶನಿವಾರ ಇಡೀ ದಿನ ಬೆಟ್ಟ ಸುತ್ತಿ ಬಂದೆ ಅನ್ನುವವನ ಗಾಡಿಯಲ್ಲಿ ಭಾನುವಾರ ನಾನು ಚರ್ಚಿಗೆ ಹೊರಟರೆ ಪೆಟ್ರೋಲಿನ ಮುಳ್ಳು ಇದ್ದಲ್ಲೇ ಇರುತ್ತಿತ್ತು. ಒಂದು ಕಾಲದಲ್ಲಿ ಅದನ್ನು ನೋಡಿ ಬೇರೆ ಹೆಂಗಸಿನ ಅನುಮಾನವೂ ಬಂದಿತ್ತು ನನಗೆ. ಆಮೇಲೆ, ಆ ಮೀನುನಾತವನ್ನು ನಾನಲ್ಲದೆ ಇನ್ನಾವಳು ತಡೆದುಕೊಂಡಾಳು ಅಂತ ಸಮಾಧಾನ ಮಾಡಿಕೊಂಡಿದ್ದೆ. ಅಯ್ಯೋ ದೇವರೇ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಅನ್ನುತ್ತಾರಲ್ಲ, ಅದು ನಾನೇ. ಪೊರಕೆ ಅಲ್ಲೇ ಬಿಸಾಡಿ, ಮಾತ್ರೆ ಜೇಬಿಗೆ ಹಾಕಿಕೊಂಡು ನನ್ನ ಕಾರು ಹತ್ತಿದೆ.

ಟೈರ್ ಅಂಗಡಿಯ ಅಂಗಳದಲ್ಲಿ ರಿಪೇರಿಗೆ ನಿಂತ ಗಾಡಿಗಳ ನಡುವೆ ನಮ್ಮ ಹಸಿರು ಪಿಕಪ್ ಸಾಧುವಿನ ಹಾಗೆ ನಿಂತಿತ್ತು. ಹಿಂದುಗಡೆ ಸವೆದ ಟೈರುಗಳ ಗುಡ್ಡೆ, ಅದರಾಚೆ ವಿಲ್ಲೋ ಪೊದೆ. ಕೊಂಬೆ ಸರಿಸಿಕೊಂಡು ಇಳಿದೆ.

ಅಲ್ಲಿದ್ದ. ದಡದ ಕಲ್ಲಿಗೆ ಒರಗಿ, ಮೊಣಕಾಲು ಮುಳುಗುವ ನೀರಿನಲ್ಲಿ ಒಂದು ಕಾಲು ಚಾಚಿ ಕೂತಿದ್ದ. ತುಟಿ ನೀಲಿ. ಬೆತ್ತ ಮಾತ್ರ ನೆನೆಯದಂತೆ ಪೊದೆಗೆ ಒರಗಿಸಿದ್ದ.

"ಶ್ಶ್," ಅಂದ ನನ್ನನ್ನು ನೋಡಿ. "ನೆರಳು ನೀರಿಗೆ ಬೀಳಿಸ್ಬೇಡ."

"ನಿನ್ನ ನೆರಳಿಗೆ ಬೆಂಕಿ ಹಾಕ! ಏನಾಯ್ತು?"

"ಕಾಲು ಸಿಕ್ಕಿಹಾಕ್ಕೊಂಡಿದೆ. ಕೆಳಗಡೆ ಯಾರೋ ಎಸೆದಿರೋ ಟೈರಿದೆ, ಅದಕ್ಕೂ ಬಂಡೆಗೂ ಮಧ್ಯೆ. ಬೆಳಿಗ್ಗೆಯಿಂದ ಎಳೀತಾ ಇದೀನಿ."

ಮೊದಲು ಮಾತ್ರೆ ಬಾಯಿಗೆ ಹಾಕಿದೆ. ಪೊದೆಯ ಆಚೆ ಅಂಗಡಿಯವರು ಗಾಳಿ ತುಂಬುವ ಸದ್ದು ಕೇಳುತ್ತಿತ್ತು, ಅವರ ರೇಡಿಯೋದ ಹಾಡೂ ಕೇಳುತ್ತಿತ್ತು.

"ಕೂಗಬಾರದಿತ್ತೇನೋ? ಹತ್ತು ಹೆಜ್ಜೆಗೆ ಜನ ಇದಾರೆ!"

"ಕೂಗಿದ್ರೆ ಬರ್ತಿದ್ರು."

"ಬರಲಿ ಅಂತಾನೇ ಮಾರಾಯ ಕೂಗೋದು!"

"ಬಂದೋರು ನನ್ನೊಬ್ಬನ್ನೇ ನೋಡ್ತಿದ್ರಾ? ನೀರನ್ನೂ ನೋಡ್ತಿದ್ರು." ಆಮೇಲೆ, ದಿನದ ಅತಿ ಸಾಮಾನ್ಯ ವಿಷಯವೆಂಬಂತೆ ಸೇರಿಸಿದ: "ನೀನು ಬರ್ತೀಯ ಅಂತ ಗೊತ್ತಿತ್ತಲ್ಲ. ನಿನಗೆ ಹೇಳೇ ಬಂದಿದ್ದೆ. ಸ್ವಲ್ಪ ತಡ ಮಾಡ್ದೆ ಅಷ್ಟೇ."

ಇಡೀ ದಿನ ಈ ಮನುಷ್ಯ ನನ್ನನ್ನು ನಂಬಿಕೊಂಡು ತಣ್ಣೀರಿನಲ್ಲಿ ಕೂತಿದ್ದ, ನಾನು ಮನೆಯಲ್ಲಿ ಅವನ ಸುಳ್ಳುಗಳ ಲೆಕ್ಕ ಹಾಕುತ್ತಿದ್ದೆ. ಅಳು ಬಂತು. ಅವನಿಗೆ ಕಾಣಬಾರದು ಅಂತ ಕಾರಿನಿಂದ ಜಾಕಿನ ಸಲಾಕೆ ತರಲು ಎದ್ದುಹೋದೆ.

ಕುರುಬನ ಮೊಮ್ಮಗಳು ನಾನು, ಸಲಾಕೆ ಹಿಡಿಯಲು ಯಾರೂ ಹೇಳಿಕೊಡಬೇಕಿಲ್ಲ. ಶೂ ಬಿಚ್ಚಿ ನೀರಿಗಿಳಿದೆ. ಅಬ್ಬಾ, ಏನು ಚಳಿ ಆ ನೀರು! ತಳದ ಜಲ್ಲಿಕಲ್ಲು ಒಂದೊಂದೂ ಕಾಣುವಷ್ಟು ತಿಳಿ.

"ಬೆಟ್ಟದ ಒರತೆ," ಅಂದ ಆರ್ಲೋ. "ಇಲ್ಲಿ ನೆಲದಿಂದ ಏಳುತ್ತೆ. ಯಾರಿಗೂ ಗೊತ್ತಿಲ್ಲ."

ಬಂಡೆ ಅಲುಗಿತು, ಕಾಲು ಬಂತು. ಕುಂಬಳಕಾಯಿಯಷ್ಟು ಊದಿತ್ತು. ಅವನನ್ನು ಎಬ್ಬಿಸಲು ಕಂಕುಳಿಗೆ ಕೈ ಹಾಕಿದೆ. "ತಡಿ," ಅಂದ, ನನ್ನ ಕೈ ಹಿಡಿದು ಕೂರಿಸಿದ. "ಆ ಮೋರಿಯ ನೆರಳು ನೋಡು. ಬಿಡಬೇಡ, ನೋಡ್ತಾ ಇರು."

ರಸ್ತೆಯ ಕೆಳಗೆ ಹಾಯುವ ಮೋರಿಯ ಬಾಯಲ್ಲಿ ಕತ್ತಲು. ಒಂದು ನೊಣ ತೇಲಿಕೊಂಡು ಬಂತು. ಕತ್ತಲಿನಿಂದ ಕಂದು ಬಣ್ಣದ ಒಂದು ಮೂತಿ ಎದ್ದಿತು, ಅವಸರವಿಲ್ಲದೆ ಬಾಯಿ ತೆರೆದು ನೊಣ ನುಂಗಿ ಇಳಿಯಿತು. ಅದರ ಹಿಂದೆ ಮೈ ಸಾಗಿತು, ಸಾಗುತ್ತಲೇ ಇತ್ತು. ನನ್ನ ತೋಳಿಗಿಂತ ಉದ್ದ.

"ಅಮ್ಮಮ್ಮಾ!" ಅಂದೆ.

"ಎಷ್ಟೋ ವರ್ಷದಿಂದ ನಿನಗೆ ತೋರಿಸ್ಬೇಕು ಅಂತಿದ್ದೆ," ಅಂದ. "ನೀನು ಮಾತಾಡ್ತೀಯಲ್ಲ, ಅದಕ್ಕೇ ಹೆದರಿಕೆ."

ಬೇರೆ ದಿನವಾಗಿದ್ದರೆ ಅದಕ್ಕೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಅವನ ಪಕ್ಕದಲ್ಲಿ ಒದ್ದೆ ಲಂಗದಲ್ಲೇ ಕೂತು, ಆ ಮೀನು ಇನ್ನೊಮ್ಮೆ ಏಳುವವರೆಗೆ ತೆಪ್ಪಗಿದ್ದೆ.

ಸಂಜೆ ಬಿಸಿಲು ಇಳಿಯುವ ಮುಂಚೆ ಆ ಮೂವರೂ ವಾಪಸ್ಸು ಬಂದರು. ಆರ್ಲೋ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಸಾರು ಕುಡಿಯುತ್ತಿದ್ದ. ಅವನು ಬದುಕಿರುವುದನ್ನು ನೋಡಿ ಸಂತೋಷಪಡಲೂ ಅವರಿಗೆ ಪುರುಸೊತ್ತಿರಲಿಲ್ಲ.

"ಈ ಕಳ್ಳ ನನ್ನ ಜಾಗಕ್ಕೆ ಬಂದಿದ್ದ!" ಲಮಾರ್ ಡೆಲ್ಬರ್ಟನ ಕಡೆ ಬೆರಳು ತೋರಿಸಿದ.

"ಯಾರಪ್ಪಂದು ಜಾಗ? ನಾನು ಹೋದಾಗ ಈ ರೂಲನ್ ಮರದ ಹಿಂದೆ ಬಚ್ಚಿಟ್ಕೊಂಡಿದ್ದ!"

"ಜಗಳ ಆಮೇಲೆ, ಮೊದಲು ಇವನ ಕಾಲು ನೋಡಿ," ಅಂದೆ ನಾನು. ಹಲ್ಲಿನ ಡಾಕ್ಟರು ಕಾಲನ್ನು ಒತ್ತಿ ನೋಡಿ, ಮುರಿದಿಲ್ಲ ಉಳುಕಿದೆ ಅಂದ. ಎಲ್ಲರಿಗೂ ಬಟ್ಟಲಿಟ್ಟೆ.

ಎರಡು ತುತ್ತು ಒಳಗೆ ಹೋದ ಮೇಲೆ ಡೆಲ್ಬರ್ಟನ ಮೂಗು ಚುರುಕಾಯಿತು. "ಅದಿರ್ಲಿ ಮಿರೆನ್, ಇವನು ಸಿಕ್ಕಿದ್ದೆಲ್ಲಿ?"

ಆರ್ಲೋ ಬಟ್ಟಲಿನೊಳಗೆ ತಲೆ ಬಗ್ಗಿಸಿದ. ನನ್ನ ಕಡೆ ನೋಡಲಿಲ್ಲ, ಕಾಲಲ್ಲಿ ಸನ್ನೆ ಮಾಡಲಿಲ್ಲ. ಆ ಗುಟ್ಟಿಗಾಗಿ ಕಾಲು ಮುರಿದುಕೊಳ್ಳಲೂ ತಯಾರಿದ್ದವನು, ಅದನ್ನು ಹೇಳುವುದು ಬಿಡುವುದು ನನಗೇ ಬಿಟ್ಟು ಕೂತಿದ್ದ. ಸುಳ್ಳು ಹೇಳೋಣವೆಂದರೆ ಯಾವ ತೊರೆ ಹೇಳಲಿ? ಈ ಮೂವರು ನಡೆದಾಡದ ತೊರೆ ಯಾವುದು? ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೇನೆ.

"ಸೋಪ್ ಕ್ರೀಕಲ್ಲಿ," ಅಂದೆ. "ಟೈರ್ ಅಂಗಡಿ ಹಿಂದೆ."

ಮೂವರೂ ಮೇಜು ಅಲ್ಲಾಡುವಂತೆ ನಕ್ಕರು. ರೂಲನನಿಗೆ ಸಾರು ನೆತ್ತಿಗೇರಿತು.

"ಭಲೇ ಮಿರೆನ್! ಹೆಂಡ್ತಿಗೂ ಕಲಿಸಿಬಿಟ್ಯಲ್ಲೋ ಆರ್ಲೋ!"

ಅವರು ನಗುವುದನ್ನು ನೋಡುತ್ತ ಸೌಟು ಹಿಡಿದು ನಿಂತೆ. ಬೆಳಿಗ್ಗೆ ಇದೇ ಅಡಿಗೆಮನೆಯಲ್ಲಿ, ಇದೇ ಮಾತಿಗೆ ನಾನೂ ನಕ್ಕಿದ್ದೆ. ನನಗೀಗ ನಗು ಬರಲಿಲ್ಲ. ಆರ್ಲೋ ತಲೆಯೆತ್ತಿ, ಎಲ್ಲರ ಎದುರಿಗೇ ನನ್ನ ಕೈ ಹಿಡಿದುಕೊಂಡ. ಅವನ ಕೈ ಇನ್ನೂ ತಣ್ಣಗಿತ್ತು.

"ನನ್ನ ಹೆಂಡ್ತಿ ಸುಳ್ಳು ಹೇಳಲ್ಲ ಕಣ್ರೋ," ಅಂದ.

ಅದಕ್ಕೆ ಅವರು ಇನ್ನೂ ಜೋರಾಗಿ ನಕ್ಕರು.