ಜಲಜಾಕ್ಷಿಯ ಕಿವಿ

ತಾರಾನಾಥನಿಗೆ ಸ್ವಂತ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು 2008ರ ಏಪ್ರಿಲಿನಲ್ಲಿ, ಒಂದು ಫೋನಿನಿಂದ. ಭಾನುವಾರವಾದ್ದರಿಂದ ಮನೆಯಲ್ಲಿದ್ದ ಅವನೇ ರಿಸೀವರ್ ಎತ್ತಿದ.

"ಹಲೋ, ವಹಿನಿ ಆಹೇತ್ ಕಾ?" ಅತ್ತಿಗೆ ಇದ್ದಾರಾ ಎಂದು ಒಬ್ಬ ಗಿರಾಕಿ ಮರಾಠಿಯಲ್ಲಿ ಕೇಳಿದ.

"ನಾನೇ ಮೆಕ್ಯಾನಿಕ್. ಹೇಳಿ."

"ಅದು ಗೊತ್ತಾಯಿತು. ಅವರಿಗೇ ಕೊಡಿ. ಎಸಿಯ ಸದ್ದು ಕೇಳಿಸಬೇಕಿತ್ತು."

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಜಲಜಾಕ್ಷಿ ಫೋನ್ ತೆಗೆದುಕೊಂಡು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, "ಮುಂದಿನ ಜಾಲರಿ ಸಡಿಲಾಗಿದೆ ಭಾವೂ, ಒಂದು ಕಡ್ಡಿ ಸಿಗಿಸಿ ನೋಡಿ," ಎಂದಳು. ಅತ್ತ ಸದ್ದು ನಿಂತಿತು. ಇತ್ತ ತಾರಾನಾಥನ ಎದೆಯೊಳಗೆ ಏನೋ ಶುರುವಾಯಿತು.

ಕಾರ್ಕಳದಿಂದ ಬಂದು, ಮುಂಬಯಿ ಪಕ್ಕದ ಠಾಣೆಯ ಹೋಟೆಲೊಂದರಲ್ಲಿ ಫ್ರಿಜ್ಜು ನೋಡಿಕೊಳ್ಳುತ್ತಾ ಕೆಲಸ ಕಲಿತು, ಡೊಂಬಿವಲಿಯಲ್ಲಿ ಮನೆ ಮಾಡಿ ಇಪ್ಪತ್ತು ವರ್ಷವಾಗಿತ್ತು. ಜಲಜಾಕ್ಷಿ ಸ್ಕ್ರೂಡ್ರೈವರ್ ಹಿಡಿದವಳಲ್ಲ. ಆದರೆ ಅವನು ಕೆಟ್ಟ ಯಂತ್ರಗಳನ್ನು ಮನೆಗೆ ತಂದು ಗ್ಯಾಲರಿಯಲ್ಲಿ ಬಿಚ್ಚುವಾಗ ಅವಳು ಪಕ್ಕದಲ್ಲೇ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಳು. ಯಾವ ಸದ್ದಿಗೆ ಗಂಡ ಏನು ಬಿಚ್ಚುತ್ತಾನೆ ಎಂಬುದು ಕೇಳಿ ಕೇಳಿಯೇ ಅವಳ ಕಿವಿಗೆ ಇಳಿದಿತ್ತು. ಅವನು ಹೊರಗಿದ್ದಾಗ ಫೋನ್ ಎತ್ತುತ್ತಿದ್ದವಳು ಮೊದಮೊದಲು ವಿಳಾಸ ಮಾತ್ರ ಬರೆದಿಡುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಕಲ್ಯಾಣದ ಒಬ್ಬರು ಕಿಟಕಿ ಎಸಿಯ ಒಳಗೆ ನೀರು ಚಟಚಟ ಅನ್ನುತ್ತದೆ ಎಂದು ಗಾಬರಿಯಾದಾಗ, "ಅದು ತಟ್ಟೆಯ ನೀರನ್ನು ಫ್ಯಾನು ಚಿಮ್ಮಿಸುವುದು. ಏನೂ ಆಗುವುದಿಲ್ಲ, ನೆಮ್ಮದಿಯಿಂದ ಮಲಗಿ," ಎಂದಿದ್ದಳು. ಅಲ್ಲಿಂದ ಹೆಸರು ಹಬ್ಬಿತು. ಈಗ ಗಿರಾಕಿಗಳಿಗೆ ತಾರಾನಾಥನೆಂದರೆ ವಹಿನಿ ಕಳಿಸುವ ಮನುಷ್ಯ.

ಅವನು ಒಂದು ಉಪಾಯ ಮಾಡಿದ. ಮೊಬೈಲು ತಗೊಂಡು, ಆ ನಂಬರಿನ ಕಾರ್ಡು ಅಚ್ಚು ಹಾಕಿಸಿ, ಹೋದ ಮನೆಯಲ್ಲೆಲ್ಲ ಹಂಚಿದ. "ಲ್ಯಾಂಡ್‌ಲೈನ್ ಸರಿ ಇಲ್ಲ, ಇದಕ್ಕೇ ಮಾಡಿ." ಹೆಂಡತಿಗೆ ಹೇಳಲಿಲ್ಲ.

ಕಾರ್ಡು ಸಿಗದವರಲ್ಲಿ ಸಾನಪಾಡಾದ ಸರಳಾ ಒಬ್ಬರು. ಮೈಸೂರಿನ ಕಡೆಯವರು. ಅವರೂ ಗಂಡ ಶ್ರೀನಿಯೂ ಕಂಪನಿಗಳಲ್ಲಿ ಕೆಲಸಕ್ಕಿದ್ದರು. ಮಲಗುವ ಕೋಣೆಯ ಎಸಿ ಕರಕರ ಅನ್ನುತ್ತಿದೆ ಎಂದು ಅವರು ಮನೆಯ ಫೋನಿಗೇ ಮಾಡಿದರು. ಅವತ್ತು ಸಂಜೆ ಜಲಜಾಕ್ಷಿ ಗಂಡನಿಗೆ ಹೇಳಿದಳು.

"ಹಾಕಿದ ಕೂಡಲೇ ಬರುವುದಿಲ್ಲವಂತೆ. ಅರ್ಧ ಗಂಟೆಯ ಮೇಲೆ. ತಂಪೂ ಕಮ್ಮಿಯಂತೆ. ಒಳಗೆ ಐಸ್ ಕಟ್ಟಿ ಬ್ಲೋವರಿನ ಫ್ಯಾನಿಗೆ ತಾಗುವುದಾ ಅಂತ. ನೀವು ಸ್ವಲ್ಪ ಹೊತ್ತು ಕೂತು ನೋಡಿ."

"ನನಗೆ ನೀನು ಕಲಿಸಬೇಡ."

ಐಸಿನ ಮಾತು ಕಿವಿಗೆ ಬೀಳದಿದ್ದರೆ ಬಹುಶಃ ಅವನಿಗೂ ಅದೇ ಹೊಳೆಯುತ್ತಿತ್ತು. ಈಗ ಐಸೊಂದನ್ನು ಬಿಟ್ಟು ಬೇರೇನಾದರೂ ಆಗಿರಬೇಕಿತ್ತು. ಸಾನಪಾಡಾಕ್ಕೆ ಹೋದವನು ಮೋಟರಿನ ಬುಶ್ ಸವೆದಿದೆ ಎಂದು ಹೇಳಿ ಹೊಸ ಮೋಟರನ್ನೇ ಕೂರಿಸಿದ. ಹತ್ತು ನಿಮಿಷ ಓಡಿಸಿದ. ಸದ್ದೇ ಇಲ್ಲ. ಕಾರ್ಡು ಕೊಟ್ಟು ಬಂದ.

"ಮೋಟರು," ಎಂದ ಮನೆಗೆ ಬಂದವನೇ.

"ಹೌದಾ? ಹಾಗಾದರೆ ನನ್ನ ಕಿವಿ ತಪ್ಪಿತು," ಎಂದು ಅವಳು ಅನ್ನಕ್ಕೆ ಸಾರು ಬಡಿಸಿದಳು. ಆ ಊಟದಷ್ಟು ರುಚಿಯ ಊಟ ಅವನು ಎಷ್ಟೋ ದಿನದಿಂದ ಉಂಡಿರಲಿಲ್ಲ.

ಮರುದಿನವೇ ಶ್ರೀನಿಯ ಫೋನು ಬಂತು. "ಏನ್ ಸಾರ್, ಮತ್ತೆ ಶುರುವಾಯ್ತಲ್ಲ!"

ಈ ಸಲ ತಾರಾನಾಥ ಎಸಿ ಹಾಕಿಸಿ ಸ್ಟೂಲಿನ ಮೇಲೆ ಕೂತ. ಇಪ್ಪತ್ತೈದು ನಿಮಿಷ ಏನೂ ಇಲ್ಲ. ಬಾರದಿರಲಿ ಎಂದು ಅವನು ದೇವರನ್ನು ಬೇಡಿಕೊಳ್ಳುತ್ತಿದ್ದಾಗಲೇ ಕರಕರ ಬಂತು. ಮುಚ್ಚಳ ತೆಗೆದರೆ ತಂಪು ಮಾಡುವ ಕಾಯಿಲಿನ ಮೇಲೆ ಬೆರಳು ದಪ್ಪದ ಐಸು. ಹೊರಗಿನ ಯಂತ್ರದ ಪೈಪಿನ ನಟ್ಟಿಗೆ ಸೋಪಿನ ನೊರೆ ಹಚ್ಚಿದ, ಗುಳ್ಳೆ ಎದ್ದಿತು. ಗ್ಯಾಸು ಸೋರುತ್ತಿತ್ತು, ಅದು ಕಮ್ಮಿಯಾದದ್ದಕ್ಕೇ ಐಸು. ಬಿಗಿ ಮಾಡಿ, ಗ್ಯಾಸು ತುಂಬಿ, ಹಳೆಯ ಮೋಟರನ್ನೇ ವಾಪಸು ಕೂರಿಸಿ, ತಲೆ ತಗ್ಗಿಸಿ ಹೊರಟ.

"ನಿಮ್ಮ ಮನೆಯವರು ಫೋನಲ್ಲೇ ಐಸ್ ಅಂದಿದ್ರಲ್ಲ," ಎಂದರು ಸರಳಾ. "ನಿಮಗೆ ಹೇಳಲಿಲ್ವಾ?"

"ಇಲ್ಲ," ಎಂದುಬಿಟ್ಟ.

ಅವನು ಮನೆ ಮುಟ್ಟಿ ಚಹಾ ಕುಡಿಯುತ್ತಿದ್ದಾಗ ಮನೆಯ ಫೋನು ಹೊಡೆದುಕೊಂಡಿತು. ಸರಳಾ. ಜಲಜಾಕ್ಷಿ ಸುಮ್ಮನೆ ಕೇಳಿಸಿಕೊಂಡಳು. ಒಮ್ಮೆ ಗಂಡನ ಕಡೆ ನೋಡಿದಳು.

"ಹೌದು ಮೇಡಂ, ಅವರಿಗೆ ಹೇಳಲು ನಾನೇ ಮರೆತೆ," ಎಂದಳು. "ಅವರೇ ಕಂಡುಹಿಡಿದರಲ್ಲ, ಬಿಡಿ."

ತಾರಾನಾಥ ಚಹಾದ ಲೋಟ ಕೆಳಗಿಟ್ಟ. ಅವಳು ಜಗಳ ಮಾಡಿದ್ದರೆ ಅವನೂ ನಾಲ್ಕು ಮಾತಾಡಬಹುದಿತ್ತು.

"ಹೊಸ ನಂಬರು ಹಂಚಿದ್ದು ನಾನು," ಎಂದ. "ನಿನಗೆ ಫೋನು ಬರಬಾರದು ಅಂತ."

"ಗೊತ್ತುಂಟು. ನಿಮ್ಮ ಕಿಸೆಯ ಕಾರ್ಡು ಬಟ್ಟೆಯೊಟ್ಟಿಗೆ ನೆನೆಸಿಟ್ಟವಳು ನಾನೇ ಅಲ್ವಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿ ಏನು ಮಾಡುವುದು? ಇಡೀ ದಿನ ಈ ಮನೆಯಲ್ಲಿ ನನ್ನನ್ನು ಏನಾದರೂ ಕೇಳುವವರು ಅಂತ ಇದ್ದದ್ದು ಆ ಫೋನಿನವರು ಮಾತ್ರ. ನಿಮಗೆ ಅಷ್ಟೂ ಸಹಿಸಲಿಕ್ಕೆ ಆಗಲಿಲ್ಲ." ಅವಳು ಅವನ ಲೋಟ ತೆಗೆದುಕೊಂಡಳು. ಎದ್ದು ಒಳಗೆ ಹೋದಳು.

ಮೂರು ದಿನ ಮಾತು ಬೇಕಾದಷ್ಟೇ. ನಾಲ್ಕನೆಯ ದಿನ ತಾರಾನಾಥ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು, "ಠಾಣೆಯ ವರ್ತಕ ನಗರದಲ್ಲಿ ಪುಂಡರೀಕಾಕ್ಷಣ್ಣನ ಎಸಿ ಗುಂಯ್ ಅನ್ನುತ್ತದಂತೆ. ಬರ್ತೀಯಾ?" ಎಂದ. ಅವಳು ಸೀರೆ ಬದಲಿಸಿ ಬಂದಳು.

ಪುಂಡರೀಕಾಕ್ಷ ಬ್ಯಾಂಕಿನಿಂದ ನಿವೃತ್ತರಾದವರು. ಜಲಜಾಕ್ಷಿಯನ್ನು ಕಂಡದ್ದೇ, "ಓಹೋ, ಫೋನಿನ ಡಾಕ್ಟರು!" ಎಂದು ಕುರ್ಚಿ ಎಳೆದು ಕೂರಿಸಿದರು. ತಾರಾನಾಥ ಚೀಲ ಹಿಡಿದು ನಿಂತೇ ಇದ್ದ. ಮತ್ತೆ ಅದೇ ಹೊಟ್ಟೆಕಿಚ್ಚು.

ಅವಳು ಕೇಳಿ, "ಹೊರಗಿನ ಯಂತ್ರದ ಅಡಿಯ ರಬ್ಬರು ಹೋಗಿದೆ," ಎಂದಳು.

"ಅಲ್ಲ," ಎಂದ ತಾರಾನಾಥ. ಹಟಕ್ಕಲ್ಲ, ನಿಜವಾಗಿ ಹಾಗನ್ನಿಸಿತ್ತು. "ತಾಮ್ರದ ಪೈಪು ಎಲ್ಲೋ ಕಿಟಕಿಯ ಗ್ರಿಲ್ಲಿಗೆ ತಾಗುತ್ತಾ ಉಂಟು."

ಕಿಟಕಿ ತೆರೆದು ಕೈ ಚಾಚಿ ಪೈಪನ್ನು ಒಂದು ಬೆರಳಿನಷ್ಟು ಸರಿಸಿದ. ಗುಂಯ್ ನಿಂತಿತು. ಅವನಿಗಾದ ಖುಷಿ ಎಷ್ಟೆಂದರೆ, ಅದು ಯಾರಿಗೂ ಕಾಣದಿರಲೆಂದು ಅವನು ಕಿಟಕಿಯ ಹೊರಗೇ ಮುಖ ಮಾಡಿ ನಿಂತ. ಆಮೇಲೆ ಮೆಲ್ಲ ತಿರುಗಿ ಹೆಂಡತಿಯ ಮುಖ ನೋಡಿದ. ಎಲ್ಲಾದರೂ ಒಂದಿಷ್ಟು ಕಹಿ ಕಂಡೀತೇ ಎಂದು. ಅವಳು ಬಾಯಿ ತುಂಬ ನಗುತ್ತಿದ್ದಳು.

"ಹೌದು ಮಾರಾಯ್ರೆ! ಅದು ನನಗೆ ಫೋನಲ್ಲಿ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಇನ್ನೊಮ್ಮೆ ತಾಗಿಸಿ, ಕೇಳ್ತೇನೆ."

ಅವನು ತಾಗಿಸಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ನಡುವೆ ರಬ್ಬರಿನ ತುಂಡು ಕಟ್ಟಿ ಕೆಲಸ ಮುಗಿಸಿದ.

ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಕಡೆ ಹೊರಟವಳು ತಿರುಗಿ, "ನಾಳೆ ಕಲ್ಯಾಣಕ್ಕೆ ಹೋಗುವುದುಂಟಲ್ಲ, ನಾನೂ ಬರಲಾ?" ಎಂದಳು.

"ಬಾ," ಎಂದ ತಾರಾನಾಥ. ಪೂರ್ತಿ ಮನಸ್ಸಿನಿಂದಲ್ಲ. ಆದರೂ ಎಂದ.